ಮೂಗು ಮುಟ್ಟಿ ಹೇಳುವ ಮಾತು

ಫೆಬ್ರವರಿ 3

ದೊಡ್ಡಮ್ಮನಿಗೆ,

ಒಂಬತ್ತು ಬೆರಳು ಕ್ಷೇಮ. ಹತ್ತನೆಯದಕ್ಕೆ ಪಟ್ಟಿ ಕಟ್ಟಿದ್ದಾರೆ. ಈ ಪತ್ರ ಬರೆಯುತ್ತಿರುವುದು ಅದರ ಸಲುವಾಗಿಯೇ.

ನಾನು ನಿಮ್ಮ ತಂಗಿಯ ಮಗಳು. ನೀವು ಊರು ಬಿಟ್ಟ ಮೇಲೆ ಹುಟ್ಟಿದವಳು, ಆದ್ದರಿಂದ ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ನೀವೂ ಅಮ್ಮನೂ ನೇಯುತ್ತಿದ್ದ ಗಿರಣಿ ಈಗ ಮ್ಯೂಸಿಯಂ ಆಗಿದೆ. ಜನ ಟಿಕೆಟ್ ತೆಗೆದುಕೊಂಡು ಬಂದು ಹಳೆಯ ಮಗ್ಗಗಳು ಓಡುವುದನ್ನು ನೋಡುತ್ತಾರೆ. ಓಡಿಸುವ ಕೆಲಸ ನನಗೆ ಸಿಕ್ಕಿದೆ. ಹತ್ತನೆಯ ತರಗತಿಯ ನಡುವೆಯೇ ನಾನು ಶಾಲೆಯಿಂದ ಎದ್ದು ಬಂದೆ. ಆಮೇಲೆ ಹಿಡಿದ ಕೆಲಸಗಳಿಂದಲೂ ಎದ್ದು ಬಂದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಅಮ್ಮ ಬೈಯುತ್ತಾಳೆ. ಈ ಮಗ್ಗಗಳ ಮುಂದೆ ಕೂರಲು ಜಾಗವೇ ಇಲ್ಲ, ಅದಕ್ಕೇ ಇದು ನನಗೆ ಹಿಡಿಸಿದೆ.

ಕೆಲಸ ಕಲಿಸುವವರು ಮಗ್ಗಗಳಿಗೆ ಎಣ್ಣೆ ಬಿಡುವ ಎಣ್ಣೆ ತಾತ. ನಿಮ್ಮ ಕಾಲದಲ್ಲಿ ಎಣ್ಣೆ ಅಣ್ಣ ಆಗಿದ್ದರಂತೆ. ಈಗ ಅವರ ಕಿವಿಯೂ ಹೋಗಿದೆ, ಹಲ್ಲೂ ಹೋಗಿದೆ. ಮಗ್ಗ ಓಡುವಾಗ ದನಿಯಿಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತಾರೆ. ಹೋದ ವಾರ ದೂರದಿಂದ ನನ್ನ ಕಡೆ ನೋಡಿ ಏನೋ ಅಂದರು. ‘ಬಟ್ಟೆ’ ಅಂದ ಹಾಗೆ ಕಾಣಿಸಿತು. ಬಟ್ಟೆಗೆ ಏನಾಯಿತೋ ಅಂತ ಕೈ ಚಾಚಿದೆ. ಅವರು ಅಂದಿದ್ದು ‘ಪಟ್ಟೆ’. ಮೇಲಿನ ಕಬ್ಬಿಣದ ದಂಡದಿಂದ ಮಗ್ಗಕ್ಕೆ ಇಳಿದು ಬರುವ ಚರ್ಮದ ಪಟ್ಟೆ ಜಾರುತ್ತಿತ್ತು. ಜಾರಿದ್ದು ಸರಕ್ಕನೆ ಮತ್ತೆ ಕಚ್ಚಿಕೊಂಡಿತು. ಎಳೆಗಳನ್ನು ಒತ್ತುವ ಹಣಿಗೆ ಬಂದು ನನ್ನ ಬೆರಳನ್ನೂ ಒತ್ತಿತು.

ಆ ತುಟಿಯ ಭಾಷೆ ಕಲಿಸು ಅಂತ ಅಮ್ಮನನ್ನು ಕೇಳಿದೆ. “ನಂಗೆ ಮರ್ತೋಗಿದೆ. ನಿಮ್ಮ ದೊಡ್ಡಮ್ಮನ್ನ ಕೇಳು, ಎಲ್ಲಾದ್ರೂ ಇದ್ರೆ” ಅಂದಳು. ಎಣ್ಣೆ ತಾತನ ಕೋಣೆಯ ಗೋಡೆಗೆ ನೀವು ಕಳಿಸಿದ ಹೊಸ ವರ್ಷದ ಕಾರ್ಡು ಅಂಟಿಸಿತ್ತು. ವಿಳಾಸ ಅದರಲ್ಲೇ ಸಿಕ್ಕಿತು. ಫೋನ್ ನಂಬರ್ ಇರಲಿಲ್ಲ. ಇದ್ದರೆ ಕಳಿಸಿ.

ಇನ್ನೆರಡು ಮಾತು. ಮೇ ತಿಂಗಳ ಮೊದಲ ಭಾನುವಾರ ಶೆಡ್ಡಿನ ಮಗ್ಗಗಳನ್ನೆಲ್ಲ ಒಟ್ಟಿಗೆ ಓಡಿಸುತ್ತೇವೆ. ಹಳೆಯ ನೇಯ್ಗೆಯವರನ್ನೆಲ್ಲ ಕರೆಯುತ್ತಿದ್ದಾರೆ. ನೀವು ಬರಬೇಕು. ಅಮ್ಮ ಗಿರಣಿಯ ಗೇಟಿನ ಕಡೆ ತಲೆ ಹಾಕುವುದಿಲ್ಲ, ನೀವು ಬಂದರೆ ಹಾಕಬಹುದು. ಎರಡನೆಯದು ಪ್ರಶ್ನೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಇಷ್ಟು ವರ್ಷಗಳಲ್ಲಿ ಅಮ್ಮನಿಗೆ ನೀವು ಒಂದು ಸಾಲೂ ಯಾಕೆ ಬರೆಯಲಿಲ್ಲ?

ನಿಮ್ಮ ತಂಗಿಯ ಮಗಳು

* * *

ಫೆಬ್ರವರಿ 14

ಮಗಳೇ,

ಪಟ್ಟೆ ಜಾರಿದ್ದು ಕಿಟಕಿ ಪಕ್ಕದ ಮಗ್ಗದ್ದೇ ತಾನೆ? ಆಗಲೂ ಅದು ಹಾಗೇ. ಅದಕ್ಕೆ ನಾವು ‘ಅತ್ತೆ’ ಅಂತ ಹೆಸರಿಟ್ಟಿದ್ದೆವು. ಯಾವಾಗ ಮುನಿಯುತ್ತಾಳೆ, ಯಾವಾಗ ಒಲಿಯುತ್ತಾಳೆ ಹೇಳಲಾಗದು. ಅವಳ ಎದುರು ಉಗುರು ಉದ್ದ ಬಿಡಬೇಡ.

ಈಗ ಪಾಠ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಪ, ಬ, ಮ ಅನ್ನು. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ. ಕಿವಿಗೆ ಮೂರು ಅಕ್ಷರ, ಕಣ್ಣಿಗೆ ಒಂದೇ. ಅದಕ್ಕೇ ಶೆಡ್ಡಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಮಾತು ‘ಪ’ದಿಂದ ಶುರುವಾದರೆ ಕೆನ್ನೆ ಊದಬೇಕು. ‘ಮ’ದಿಂದ ಶುರುವಾದರೆ ಮೂಗು ಮುಟ್ಟಬೇಕು, ಅದರ ಸದ್ದು ಅಲ್ಲಿಂದಲೇ ಬರುವುದು. ಏನೂ ಮಾಡದಿದ್ದರೆ ಅದು ‘ಬ’. ಮೊದಲ ಅಕ್ಷರಕ್ಕೆ ಮಾತ್ರ. ಎಲ್ಲ ಅಕ್ಷರಕ್ಕೂ ಅಂತ ಇಟ್ಟುಕೊಂಡಿದ್ದರೆ ದಿನವಿಡೀ ಮೂಗು ಹಿಡಿದುಕೊಂಡೇ ನೇಯಬೇಕಾಗುತ್ತಿತ್ತು.

‘ಪಟ್ಟೆ’ ಅಂದಾಗ ಎಣ್ಣೆ ಅಣ್ಣ ಕೆನ್ನೆ ಊದಿಯೇ ಇರುತ್ತಾನೆ. ಹಲ್ಲಿಲ್ಲದವನ ಕೆನ್ನೆ ಊದಿದರೆಷ್ಟು, ಬಿಟ್ಟರೆಷ್ಟು. ಅವನ ಮುಖ ನೋಡಿಕೊಂಡು ನಿಲ್ಲಬೇಡ, ಹುಬ್ಬು ನೋಡು. ಹುಬ್ಬು ಮೇಲಕ್ಕೆ ಹೋದರೆ ಮೊದಲು ಕೈ ಹಿಂದಕ್ಕೆ, ಅರ್ಥ ಆಮೇಲೆ.

ನನಗೆ ಫೋನ್ ಇಲ್ಲ. ಕಿವುಡರ ಮುಂದೆ ಶಂಖ ಊದಿ ಏನು ಪ್ರಯೋಜನ? ಇನ್ನೊಂದು, ನೀವು ಗೀವು ಬೇಡ. ದೊಡ್ಡಮ್ಮ ಅಂದ ಮೇಲೆ ‘ನೀನು’ ಸಾಕು. ಮೇ ತಿಂಗಳಿಗೆ ಮಂಡಿ ಏನನ್ನುತ್ತದೋ ನೋಡೋಣ.

ದೊಡ್ಡಮ್ಮ

* * *

ಫೆಬ್ರವರಿ 21

ದೊಡ್ಡಮ್ಮ,

ಸರಿ, ನೀನು. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಈಗ ಸಲೀಸಾಗಿದೆ.

ಕನ್ನಡಿಯ ಮುಂದೆ ದಿನಾ ನಿಲ್ಲುತ್ತೇನೆ. ಮೂಗು ಮುಟ್ಟಿ ಮುಟ್ಟಿ ಮೂಗಿನ ತುದಿಗೆ ಮಗ್ಗದ ಎಣ್ಣೆ ಮೆತ್ತಿ ಮೊಡವೆ ಎದ್ದಿದೆ. ತಾತನಿಗೆ ನಾನು ಕಲಿಯುತ್ತಿರುವುದು ಗೊತ್ತಾಗಿ ಖುಷಿ. ಈಗ ಅವರ ಬಾಯಿ ನಿಲ್ಲುವುದೇ ಇಲ್ಲ. ಅರ್ಧಕ್ಕರ್ಧ ಬೈಗುಳ ಅಂತ ಅರ್ಥವಾಗತೊಡಗಿದೆ. ಮೊದಲೇ ಚೆನ್ನಾಗಿತ್ತೇನೋ.

ಮ್ಯೂಸಿಯಂ ಮೇಡಂ ಹತ್ತಿರ ಒಂದು ಸಲ ಬೈಸಿಕೊಂಡೆ. ನೋಡಲು ಬಂದ ಒಬ್ಬರು, ಹೊರಗೆ ಅಂಗಡಿಯಲ್ಲಿಟ್ಟಿರುವ ಟವೆಲ್ ಇದೇ ಮಗ್ಗದ್ದಾ ಅಂತ ಕೇಳಿದರು. ಅಲ್ಲ, ವ್ಯಾನಿನಲ್ಲಿ ಬರುತ್ತೆ ಅಂದೆ. ಮೇಡಂ ಒಳಗೆ ಕರೆದು, “ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ” ಅಂದರು. “ಕೇಳಿದ್ದಕ್ಕೇ ಕೊಟ್ಟೆ ಮೇಡಂ” ಅಂದೆ. ಅವರಿಗೆ ನಗು ಬಂತು, ಆದರೂ ಬಾಗಿಲ ಕಡೆ ಕೈ ತೋರಿಸಿದರು.

ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಅಮ್ಮ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದು, ಅದನ್ನು ಮೀರಿಸಲು ಟೀವಿಯ ಸದ್ದು. ನಾನು ಒಲೆಯ ಹತ್ತಿರದಿಂದ ಮೂಗು ಮುಟ್ಟಿ, ದನಿಯಿಲ್ಲದೆ, ‘ಮೊಟ್ಟೆ ಬೇಯಿಸ್ಲಾ?’ ಅಂದೆ. ಅವಳು ಬಟ್ಟೆಯಿಂದ ತಲೆಯೆತ್ತಿ, ದನಿಯಿಲ್ಲದೆಯೇ, ‘ಬೇಡ, ಬ್ರೆಡ್ಡಿದೆ’ ಅಂದಳು. ಅಂದ ಮೇಲೆ ತಾನೇನು ಮಾಡಿದೆ ಅಂತ ಗೊತ್ತಾಯಿತು. ಯಂತ್ರ ನಿಂತಿತು.

“ಯಾರು ಹೇಳ್ಕೊಟ್ರು ಇದನ್ನ?”

“ದೊಡ್ಡಮ್ಮ. ಪತ್ರ ಬರೆದಿದಾಳೆ.”

“ಓಹೋ. ಬರೆಯೋಕೆ ಕೈ ಇದೆಯಾ ಅವಳಿಗೆ?”

ಅಷ್ಟೇ. ಆಮೇಲೆ ಟೀವಿಯ ಸದ್ದು ಇನ್ನೂ ಜಾಸ್ತಿ ಮಾಡಿದಳು. ಪಕ್ಕದ ಮನೆಯವರು ಗೋಡೆ ಗುದ್ದಿದರು.

ಮರೆತುಹೋಗಿದೆ ಅಂದವಳು ಮರೆತಿಲ್ಲ. ಹಾಗಿದ್ದರೆ ನನಗೆ ಯಾಕೆ ಕಲಿಸಲಿಲ್ಲ? ನೀನಾದರೂ ನನ್ನ ಪ್ರಶ್ನೆಯನ್ನು, ದಾರಿಯಲ್ಲಿ ನೀರು ನಿಂತಿದ್ದರೆ ಸೆರಗೆತ್ತಿ ದಾಟುವ ಹಾಗೆ ದಾಟಿದ್ದೀಯ. ನಾನು ಮತ್ತೆ ಅಲ್ಲೇ ನಿಂತು ಕೇಳುತ್ತಿದ್ದೇನೆ. ಯಾಕೆ ಬರೆಯಲಿಲ್ಲ?

* * *

ಮಾರ್ಚ್ 12

ಮಗಳೇ,

ಮಂಡಿ ನೋವಿನಿಂದ ತಡವಾಯಿತು ಅಂತ ಬರೆಯಬಹುದಿತ್ತು. ನೀನು ಸುಳ್ಳಿನ ವಾಸನೆ ಹಿಡಿಯುವವಳು, ಬೇಡ.

ನಾನೂ ನಿನ್ನ ಅಮ್ಮನೂ ಎದುರು ಬದುರು ಮಗ್ಗದವರು. ಅವಳನ್ನು ಕೆಲಸಕ್ಕೆ ಹಚ್ಚಿದ್ದೂ ನಾನೇ, ಹರಿದ ಎಳೆಗೆ ಗಂಟು ಹಾಕಲು ಕಲಿಸಿದ್ದೂ ನಾನೇ. ದಿನವೆಲ್ಲ ಮಾತಾಡುತ್ತಿದ್ದೆವು, ಯಾರಿಗೂ ಕೇಳಿಸದ ಹಾಗೆ. ದೂರದ ಊರಿನಲ್ಲಿ ಹೊಸ ಗಿರಣಿ ಶುರುವಾಯಿತು. ನಾನು ಅವಳಿಗೆ ಹೇಳದೆ ಅಲ್ಲಿಗೆ ಹೆಸರು ಕೊಟ್ಟೆ. ಗೊತ್ತಾದ ದಿನದಿಂದ ಅವಳು ಮಾತು ಬಿಟ್ಟಳು, ಬಾಯಿಯಿಂದಲೂ, ತುಟಿಯಿಂದಲೂ.

ಹೊರಡುವ ದಿನ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ. ಕೈಯಲ್ಲಿ ಚೀಲ ಇತ್ತು. ಒಳಗೆ ಮಗ್ಗಗಳು ಓಡುತ್ತಿದ್ದವು. ಅವಳು ತಲೆಯೆತ್ತಿ ನನ್ನನ್ನು ನೋಡಿ ಒಂದೇ ಮಾತು ಅಂದಳು. ‘ಬರೀಬೇಡ.’

ನಾನು ಬರೆಯಲಿಲ್ಲ. ಅವಳು ಕೇಳಿದ್ದನ್ನು ನಡೆಸಿಕೊಟ್ಟಿದ್ದೇನೆ. ಪತ್ರವೇ ಬೇಡ ಅಂದವಳಿಗೆ ಮೇ ತಿಂಗಳಲ್ಲಿ ಹೋಗಿ ಮುಖ ತೋರಿಸಲೇ? ನಾನು ಬರುವುದಿಲ್ಲ.

ದೊಡ್ಡಮ್ಮ

* * *

ಮಾರ್ಚ್ 17

ದೊಡ್ಡಮ್ಮ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಕೇಳಿಸಬೇಕಲ್ಲ, ಜೋರಾಗಿ ಓದಿದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು, ಈ ಸಲ ಅವರು ಗೋಡೆ ಗುದ್ದಲಿಲ್ಲ.

ಅಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

“ನಾನಾ? ಬರೀಬೇಡ ಅಂದ್ನಾ?”

“ಹಂಗಂತ ಬರೆದಿದಾಳೆ.”

“ಹೋದಳು, ಮರೆತಳು. ಈಗ ಕಥೆ ನೇಯ್ತಾ ಕೂತಿದಾಳೆ. ಬಟ್ಟೆ ನೇಯೋದು ನಿಂತ ಮೇಲೆ ಕೈಗೆ ಏನಾದ್ರೂ ಬೇಕಲ್ಲ.”

“ಹಾಗಾದ್ರೆ ನೀನು ಏನಂದೆ ಅಮ್ಮ?”

“ಅಂದಿದ್ದು ಅವಳಿಗೆ. ಅವಳಿಗೆ ಗೊತ್ತು.”

ಅಷ್ಟು ಹೇಳಿ ಮತ್ತೆ ಕತ್ತರಿ ಎತ್ತಿಕೊಂಡಳು. ನನಗೆ ತಲೆ ಚಿಟ್ಟು ಹಿಡಿದಿದೆ. ಒಂದೇ ಬಾಗಿಲು, ಒಂದೇ ಮಾತು, ನೀನು ಹೀಗನ್ನುತ್ತೀಯ, ಅವಳು ಹಾಗಲ್ಲ ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರದು ಸುಳ್ಳಾಗಿರಲೇಬೇಕು. ಅಮ್ಮ ಸುಳ್ಳು ಹೇಳುವಾಗ ಕತ್ತು ಕೆರೆದುಕೊಳ್ಳುತ್ತಾಳೆ. ಮೊನ್ನೆ ಕೆರೆದುಕೊಳ್ಳಲಿಲ್ಲ. ನಿನ್ನ ಕತ್ತನ್ನು ನಾನು ನೋಡಿಲ್ಲ. ಆದ್ದರಿಂದ ಸುಳ್ಳು ನಿನ್ನದೇ ಅಂತ ಅನ್ನಿಸುತ್ತಿದೆ. ಅನ್ನಿಸಿದ್ದನ್ನು ಒಳಗಿಟ್ಟುಕೊಂಡು ಮೇಲೆ ಬೇರೇನೋ ಬರೆಯಲು ನನಗೆ ಆಗುವುದಿಲ್ಲ.

ಹಳೆಯ ನೇಯ್ಗೆಯವರ ಪಟ್ಟಿಯಿಂದ ನಿನ್ನನ್ನು ತೆಗೆಸಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

* * *

ಮಾರ್ಚ್ 25

ನನಗೆ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ನೋಡಿದ್ದನ್ನು ನೋಡಿದೆ ಅಂದೆ.

ತುಟಿಯ ಪಾಠ ಮುಗಿಯಿತು. ಬೆರಳು ಜೋಪಾನ.

* * *

ಏಪ್ರಿಲ್ 9

ದೊಡ್ಡಮ್ಮ,

ಪಾಠ ಮುಗಿಯಿತು ಅಂದಿದ್ದೀಯ, ಬರೆಯಬೇಡ ಅಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿದ್ದರೂ ಕೊನೆಯವರೆಗೆ ಓದು.

ನಿನ್ನೆ ನಾನು ಅತ್ತೆಯನ್ನು ಓಡಿಸುತ್ತಿದ್ದೆ. ಉಳಿದ ಮಗ್ಗಗಳೂ ಓಡುತ್ತಿದ್ದವು. ನೆಲ ನಡುಗಿ ಹಲ್ಲಿನವರೆಗೆ ಬರುತ್ತದಲ್ಲ, ಹಾಗೆ. ಆಚೆ ಸಾಲಿನಲ್ಲಿ ತಾತ ಒಂದು ಮಗ್ಗದ ಪಟ್ಟೆಯನ್ನು ಎರಡೂ ಕೈಯಿಂದ ಎಳೆದು ಹಿಡಿದಿದ್ದರು. ತಟ್ಟನೆ ನನ್ನ ಕಡೆ ತಿರುಗಿದರು. ಮುಖ ಗಂಟು ಹಾಕಿಕೊಂಡು ಅಂದರು, ‘ಬರೀಬೇಡ!’

ನಿನಗೆ ಬರೆಯುವುದು ಇವರಿಗೆ ಹೇಗೆ ಗೊತ್ತು? ಅಮ್ಮ ಬಂದು ಹೇಳಿಕೊಟ್ಟಳೇ? ಗಿರಣಿಯ ಗೇಟು ದಾಟದವಳು ನನ್ನ ಬೆನ್ನ ಹಿಂದೆ ದಾಟಿದಳೇ? ಯೋಚಿಸುತ್ತ ಯೋಚಿಸುತ್ತ ಸಿಟ್ಟು ನೆತ್ತಿಗೇರಿತು. ಮಗ್ಗ ನಿಲ್ಲಿಸಿ ಓಡಿಹೋಗಿ ಅವರ ಮುಖದ ಎದುರೇ ಕೂಗಿದೆ.

“ನಾನು ಬರೆದ್ರೆ ನಿಮಗೇನು ತಾತ?”

ಅವರು ನನ್ನ ತುಟಿ ನೋಡಿದರು. ಕಣ್ಣು ಕೆಂಪಾಯಿತು. ಅವರೂ ದನಿ ತೆಗೆದು ಕೂಗಿದರು.

“ಮರೆತ್ರೆ ನನಗೇನಾ? ಕಾದು ಹೊಗೆ ಬಂದ್ರೆ ಯಾರೇ ಜವಾಬ್ದಾರಿ? ಎಣ್ಣೆ! ಎಣ್ಣೆ ಬಿಡೋದು ಮರೀಬೇಡ ಅಂದಿದ್ದು ಕಣೇ, ಕತ್ತೆ!”

“ಮತ್ತೆ ಮೂಗು ಯಾಕೆ ಮುಟ್ಟಲಿಲ್ಲ?” ಅಂತ ನನ್ನ ಮೂಗು ಮುಟ್ಟಿ ತೋರಿಸಿ ಕೇಳಿದೆ.

ಪಟ್ಟೆ ಹಿಡಿದ ಎರಡೂ ಕೈಗಳನ್ನು ಹಾಗೇ ಕುಲುಕಿ ತೋರಿಸಿದರು. “ಮೂರನೇದು ಎಲ್ಲಿದೆ? ನೀನು ಕೊಡ್ತೀಯಾ?”

ದೊಡ್ಡಮ್ಮ, ನಾನು ಅಲ್ಲೇ ಹತ್ತಿಯ ಧೂಳಿನಲ್ಲಿ ಕೂತುಬಿಟ್ಟೆ. ಟಿಕೆಟ್ ತೆಗೆದುಕೊಂಡು ಬಂದವರು ಇದೂ ಆಟದ ಒಂದು ಭಾಗ ಅಂದುಕೊಂಡು ಫೋಟೊ ತೆಗೆದರು.

ಮನೆಗೆ ಹೋಗಿ ಕನ್ನಡಿಯ ಮುಂದೆ ಎರಡೂ ಮಾತನ್ನು ಅಂದು ನೋಡಿದೆ. ಬರೀಬೇಡ. ಮರೀಬೇಡ. ಕೂದಲೆಳೆಯಷ್ಟೂ ಭೇದವಿಲ್ಲ.

ನಾನು ಏನನ್ನೂ ಸಾಧಿಸಲು ಹೊರಟಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅನ್ನಲಾರೆ. ಒಂದನ್ನು ಮಾತ್ರ ನೆನಪು ಮಾಡಿಕೊಂಡು ಬರೆ. ಆ ದಿನ ಅಮ್ಮನ ಕೈಗಳು ಎಲ್ಲಿದ್ದವು?

ನಿನ್ನದು ಸುಳ್ಳು ಅಂದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅಮ್ಮನ ಮೇಲೆ ಹಾಕಿಲ್ಲ. ಎಲ್ಲಿಡಬೇಕೋ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡಿದ್ದೇನೆ.

* * *

ಏಪ್ರಿಲ್ 17

ಮಗಳೇ,

ನಿನ್ನ ಪತ್ರ ಬಂದ ಮೇಲೆ ನಾನು ಮನೆಯಲ್ಲಿ ಏನೇನೋ ಮಾಡಿಕೊಂಡಿದ್ದೆ. ಕಿಟಕಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಅವಳ ಮುಖವನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೈಯನ್ನು ಒಂದು ಸಲವೂ ನೆನೆಸಿಕೊಂಡಿರಲಿಲ್ಲ. ಈಗ ನೋಡಿದರೆ ಕೈಗಳೂ ಅಲ್ಲೇ ಇವೆ. ಅವಳ ಮಗ್ಗದಲ್ಲಿ ಎಳೆ ಹರಿದಿತ್ತು. ಸುತ್ತಲಿನವು ಓಡುತ್ತಿದ್ದವು, ಅವಳದು ನಿಂತಿತ್ತು. ಬಗ್ಗಿ ಗಂಟು ಹಾಕುತ್ತಿದ್ದಳು. ಹರಿದ ಎಳೆಯ ಒಂದು ತುದಿ ಒಂದು ಕೈಯಲ್ಲಿ, ಇನ್ನೊಂದು ತುದಿ ಇನ್ನೊಂದರಲ್ಲಿ.

ಮಗ್ಗ ನಿಂತಿದ್ದರೂ ಬಾಗಿಲ ತನಕ ಬರಲಿಲ್ಲವಲ್ಲ ಅಂತ ಆಗ ನನಗೆ ಅನ್ನಿಸಿತ್ತು. ಅದಕ್ಕೇ ‘ಬರೀಬೇಡ’ ಅಂತಲೇ ಓದಿದೆ. ಬೇರೆ ಏನನ್ನೂ ಓದಲು ಮನಸ್ಸು ಸಿದ್ಧವಿರಲಿಲ್ಲ. ಎಳೆ ಬಿಟ್ಟು ಮೂಗು ಮುಟ್ಟಬಹುದಿತ್ತು ಅಂತ ಈಗಲೂ ಒಂದು ಮನಸ್ಸು ಹೇಳುತ್ತದೆ. ಆದರೆ ಎಳೆ ಕೈಯಲ್ಲಿರುವಾಗ ಮನೆಗೆ ಬೆಂಕಿ ಬಿದ್ದರೂ ಬಿಡಬೇಡ ಅಂತ ಅವಳಿಗೆ ಕಲಿಸಿದ್ದು ನಾನು. ಅವಳು ಬಿಡಲಿಲ್ಲ.

ಇಷ್ಟು ವರ್ಷ ಒಂದು ಮಾತಿನ ಮೇಲೆ ಸಿಟ್ಟು ಇಟ್ಟುಕೊಂಡು ಬಂದೆ. ಅದು ಆ ಮಾತೇ ಅಲ್ಲವಾದರೆ ನನ್ನ ಸಿಟ್ಟು ಯಾರ ಮೇಲಿತ್ತು? ನನಗೆ ಏನೂ ತೋಚುತ್ತಿಲ್ಲ. ಒಂದು ಕೆಲಸ ಮಾಡು. ನನ್ನ ಸಮಾಧಾನಕ್ಕೆ ಅಂತ ಏನನ್ನೂ ಕಟ್ಟಿ ಬರೆಯಬೇಡ. ಅವಳನ್ನೇ ಕೇಳು. ಮಗ್ಗ ಓಡುವಾಗ ಕೇಳು. ಸದ್ದಿಲ್ಲದ ಜಾಗದಲ್ಲಿ ಅವಳು ನಿಜ ಹೇಳುವವಳಲ್ಲ, ಚಿಕ್ಕಂದಿನಿಂದಲೂ.

ದೊಡ್ಡಮ್ಮ

* * *

ಏಪ್ರಿಲ್ 23

ದೊಡ್ಡಮ್ಮ,

ನಿನ್ನ ಪತ್ರವನ್ನು ಈ ಸಲ ಓದಿ ಹೇಳಲಿಲ್ಲ. ಅಮ್ಮನ ಹೊಲಿಗೆ ಯಂತ್ರದ ಮೇಲಿಟ್ಟು ಕೆಲಸಕ್ಕೆ ಬಂದೆ.

ಮಧ್ಯಾಹ್ನ ನೋಡಲು ಬಂದವರ ಸಾಲಿನಲ್ಲಿ ಕೊನೆಯವಳಾಗಿ ಅಮ್ಮ ಒಳಗೆ ಬಂದಳು. ಕೈಯಲ್ಲಿ ಟಿಕೆಟ್. “ನಾನು ನೇಯ್ದ ಮಗ್ಗ ನೋಡೋಕೆ ನಂಗೇ ಟಿಕೆಟ್ಟು” ಅಂತ ಬಾಗಿಲಲ್ಲಿದ್ದವನನ್ನು ಜಾಡಿಸಿ ಬಂದಿದ್ದಳಂತೆ. ಎಣ್ಣೆ ತಾತ ಅವಳನ್ನು ನೋಡಿ ಎಣ್ಣೆಯ ಡಬ್ಬಿ ಕೆಳಗಿಟ್ಟರು. ಅವಳು ಯಾರನ್ನೂ ಮಾತಾಡಿಸದೆ ನೆಟ್ಟಗೆ ನಾನು ಓಡಿಸುತ್ತಿದ್ದ ಅತ್ತೆಯ ಹತ್ತಿರ ಬಂದು, ಅತ್ತೆಯ ಅಂಚಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಸುತ್ತು ಹಾಕಿ ನನ್ನ ಎದುರಿನ ಮಗ್ಗದ ಮುಂದೆ ಹೋಗಿ ನಿಂತಳು. ಅದು ಯಾರ ಜಾಗ ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರುತ್ತದೆ.

ಮಗ್ಗಗಳು ಓಡುತ್ತಿದ್ದವು. ನಾನು ದನಿಯಿಲ್ಲದೆ ಕೇಳಿದೆ, ‘ಆವತ್ತು ಏನಂದೆ?’

ನಾನು ಲಾಳಿಯ ಕಡೆಯೂ ನೋಡಬೇಕು, ಅವಳ ಕಡೆಯೂ ನೋಡಬೇಕು. ಒಂದು ಸಲ ತಿರುಗಿ ನೋಡಿದಾಗ ಅವಳ ಬಲಗೈ ಮೇಲೆದ್ದಿತ್ತು. ಬೆರಳನ್ನು ಮೂಗಿನ ತುದಿಗೆ ಇಟ್ಟು, ಚಿಕ್ಕ ಮಕ್ಕಳಿಗೆ ಹೇಳಿಕೊಡುವವರ ಹಾಗೆ ಬಿಡಿಸಿ ಬಿಡಿಸಿ ಅಂದಳು. ‘ಮರೀಬೇಡ.’

ನಾನು ಮಗ್ಗ ನಿಲ್ಲಿಸಿ ಓಡಿಹೋದೆ. “ಹಾಗಾದ್ರೆ ಆವತ್ತು ಅಂದಿದ್ದೂ ಅದೇನಾ?”

“ಆವತ್ತು ಕೈ ಖಾಲಿ ಇರ್ಲಿಲ್ಲ.”

“ಅದು ಉತ್ತರ ಅಲ್ಲ ಅಮ್ಮ.”

“ನೀನೊಬ್ಬಳು! ಸಿಟ್ಟಿತ್ತು ಕಣೇ ನಂಗೆ. ಅಳು ಬೇರೆ ಬರ್ತಿತ್ತು. ಬಾಯಿಗೆ ಏನು ಬಂತೋ ಯಾರು ಕಂಡ್ರು. ಪೋಸ್ಟಿನವನು ಬೀದಿಗೆ ಬಂದಾಗೆಲ್ಲ ಯಂತ್ರ ನಿಲ್ಲಿಸಿ ಬಾಗಿಲಿಗೆ ಹೋಗ್ತಿದ್ದೆ. ಅದೊಂದು ಗೊತ್ತು ನಂಗೆ.”

ಕತ್ತು ಕೆರೆದುಕೊಳ್ಳಲಿಲ್ಲ. ನಾನು ಬೇಕೆಂದೇ ನೋಡಿದೆ.

ಇದರಿಂದ ನಿನಗೆ ಏನು ತಿಳಿಯುತ್ತದೋ, ನನಗಂತೂ ಪೂರ್ತಿ ತಿಳಿಯಲಿಲ್ಲ. ಇವತ್ತು ಮೂಗು ಮುಟ್ಟಿ ಹೇಳಿದ್ದನ್ನು ಕಣ್ಣಾರೆ ನೋಡಿದೆ. ಆವತ್ತು ಏನು ಹೇಳಿದಳೋ ಅವಳಿಗೇ ಗೊತ್ತಿಲ್ಲ. ಎರಡನ್ನೂ ಗಂಟು ಹಾಕಿ ಒಂದೇ ಎಳೆ ಅಂತ ತೋರಿಸಿದರೆ ನಿನಗೂ ಹಿತವಾಗುತ್ತಿತ್ತು, ನನಗೂ ಹಿತವಾಗುತ್ತಿತ್ತು. ಆದರೆ ನೀನೇ ಬೇಡ ಅಂದಿದ್ದೀಯ. ಅದಕ್ಕೇ ಬಿಡಿ ತುದಿಗಳನ್ನು ಹಾಗೇ ಕಳಿಸುತ್ತಿದ್ದೇನೆ.

ಇನ್ನೊಂದು ಉಳಿದಿದೆ. ಮೇಡಂ ಕೈಸನ್ನೆ ಮಾಡಿದರು, ನಾನು ಮಗ್ಗವನ್ನು ಮತ್ತೆ ಶುರು ಮಾಡಿದೆ. ಅಮ್ಮ ಹೊರಟಳು. ಶೆಡ್ಡಿನ ಬಾಗಿಲ ತನಕ ಹೋಗಿ, ನೀನು ಚೀಲ ಹಿಡಿದು ನಿಂತಿದ್ದೆಯಲ್ಲ, ಅಲ್ಲೇ ನಿಂತು ತಿರುಗಿದಳು. ಅಷ್ಟು ದೂರದಿಂದ ಏನೋ ಕೇಳಿದಳು. ‘ಬರ್ತಾಳಾ?’ ಇರಬೇಕು. ‘ಮರ್ತಾಳಾ?’ ಕೂಡ ಇರಬಹುದು. ತುಟಿಗೆ ಎರಡೂ ಒಂದೇ.

ಆದರೆ ನಾನು ಈ ಸಲ ಮೊದಲು ಕೈ ನೋಡಿದೆ. ಚೀಲವಿಲ್ಲ, ಎಳೆಯಿಲ್ಲ, ಟಿಕೆಟ್ಟನ್ನೂ ಎಲ್ಲೋ ಬೀಳಿಸಿದ್ದಳು. ಎರಡು ಕೈಯೂ ಖಾಲಿಯಾಗಿ ಪಕ್ಕದಲ್ಲಿ ಇಳಿಬಿದ್ದಿದ್ದವು. ಮೂಗಿನ ಹತ್ತಿರಕ್ಕೂ ಹೋಗಲಿಲ್ಲ. ನಿನ್ನ ಪಾಠದ ಪ್ರಕಾರ, ಏನೂ ಮಾಡದಿದ್ದರೆ ಅದು ‘ಬ’.

ನನ್ನ ಎರಡು ಕೈಯೂ ಮಗ್ಗದ ಮೇಲಿದ್ದವು. ಉತ್ತರ ಕೊಡಬೇಕಾದವಳು ನೀನು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು ನಿಂತಿದ್ದಳು.

ಬರ್ತೀಯಾ ದೊಡ್ಡಮ್ಮ?